ನಡೆಯುವವನು ಯಾರು?

ಕುರ್ಚಿಯಿಂದ ಎದ್ದು ಬಾಗಿಲ ತನಕ ಹೋದವನನ್ನು ನಡೆದದ್ದು ಯಾರೆಂದು ಕೇಳಿದರೆ ‘ನಾನೇ’ ಎಂಬ ಉತ್ತರ ತಡವಿಲ್ಲದೆ ಬರುತ್ತದೆ. ಮನುಷ್ಯನ ಚಲನೆಯನ್ನು ಕಾಲೇಜಿನಲ್ಲಿ ಶಾಸ್ತ್ರವಾಗಿ ಓದಲು ಕುಳಿತ ವಿದ್ಯಾರ್ಥಿಗೆ ಈ ಉತ್ತರ ಮೊದಲ ವರ್ಷದಲ್ಲೇ ಅಲುಗಾಡತೊಡಗುತ್ತದೆ. ಎದ್ದು ನಿಲ್ಲುವ ಒಂದೇ ಒಂದು ಕ್ರಿಯೆಯಲ್ಲಿ ಸೊಂಟ, ಮಂಡಿ, ಪಾದದ ಕೀಲುಗಳು ಒಂದಕ್ಕೊಂದು ಹೊಂದಿಕೊಂಡು ಬಿಚ್ಚಿಕೊಳ್ಳುತ್ತವೆ. ತೊಡೆಯ ಮುಂಭಾಗದ ಸ್ನಾಯುಗಳು ಮೈಭಾರವನ್ನು ಎತ್ತುತ್ತವೆ. ಬೆನ್ನಿನ ಸ್ನಾಯುಗಳು ಮುಗ್ಗರಿಸದಂತೆ ಹಿಡಿಯುತ್ತವೆ. ಒಳಗಿವಿಯ ಸಮತೋಲದ ಅಂಗ ಮಿದುಳಿಗೆ ಕ್ಷಣಕ್ಷಣದ ಸುದ್ದಿ ಮುಟ್ಟಿಸುತ್ತದೆ. ಎದ್ದವನು ಇವುಗಳಲ್ಲಿ ಯಾವುದಕ್ಕೂ ಬೇರೆಯಾಗಿ ಅಪ್ಪಣೆ ಕೊಟ್ಟಿರುವುದಿಲ್ಲ. ಹಲವುಗಳ ಹೆಸರೂ ಅವನಿಗೆ ಗೊತ್ತಿರುವುದಿಲ್ಲ. ಹಾಗಿದ್ದ ಮೇಲೆ ‘ನಾನು ನಡೆದೆ’ ಎಂಬ ಮಾತಿನಲ್ಲಿ ನಿಜವೆಷ್ಟು? ಚಲನೆಯ ವಿಜ್ಞಾನವನ್ನು ಕೊನೆಯವರೆಗೂ ಓದಿದರೆ ‘ನಾನು’ ಎಂಬ ಕರ್ತೃ ಅಳಿಸಿಹೋಗುವುದಿಲ್ಲ, ಆದರೆ ಅವನ ಅಧಿಕಾರದ ಎಲ್ಲೆ ಸ್ಪಷ್ಟವಾಗುತ್ತದೆ ಎಂಬುದು ಈ ಲೇಖನದ ವಾದ.

ಈ ಶಾಸ್ತ್ರದ ಚರಿತ್ರೆಯಲ್ಲೇ ಈ ಪ್ರಶ್ನೆ ಅಡಗಿದೆ. ಇಟಲಿಯ ಗಣಿತಜ್ಞ ಬೊರೆಲ್ಲಿ ಪ್ರಾಣಿಗಳ ಚಲನೆಯನ್ನು ಕುರಿತು ಬರೆದ ಗ್ರಂಥ ಅವನು ತೀರಿಕೊಂಡ ಮೇಲೆ 1680ರಲ್ಲಿ ಹೊರಬರತೊಡಗಿತು. ಮೂಳೆಗಳನ್ನು ಸನ್ನೆಗೋಲುಗಳೆಂದೂ ಸ್ನಾಯುಗಳನ್ನು ಅವುಗಳನ್ನು ಎಳೆಯುವ ಬಲಗಳೆಂದೂ ತೆಗೆದುಕೊಂಡು ಅವನು ಲೆಕ್ಕ ಹಾಕಿದ. ಕೀಲಿಗೆ ತೀರ ಹತ್ತಿರದಲ್ಲಿ ಅಂಟಿಕೊಂಡಿರುವುದರಿಂದ ಸ್ನಾಯು ತಾನು ಎತ್ತುವ ಭಾರಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬಲ ಹಾಕಬೇಕಾಗುತ್ತದೆ ಎಂದು ತೋರಿಸಿದ. ಆದರೂ ಚಲನೆಯ ಮೂಲ ಕಾರಣ ಆತ್ಮವೇ ಎಂಬುದನ್ನು ಅವನು ಬಿಟ್ಟುಕೊಡಲಿಲ್ಲ. ಮುಂದಿನ ಶತಮಾನಗಳಲ್ಲಿ ಸನ್ನೆಗೋಲಿನ ಲೆಕ್ಕ ಬೆಳೆಯಿತು, ಆತ್ಮದ ಮಾತು ಹಿಂದೆ ಸರಿಯಿತು. 1964ರಲ್ಲಿ ಅಮೆರಿಕದ ಬರ್ಕ್‌ಲಿಯ ಪ್ರಾಧ್ಯಾಪಕ ಫ್ರಾಂಕ್ಲಿನ್ ಹೆನ್ರಿ ದೈಹಿಕ ಶಿಕ್ಷಣವು ಆಟ ಕಲಿಸುವ ತರಬೇತಿಯಷ್ಟೇ ಅಲ್ಲ, ತನ್ನದೇ ಜ್ಞಾನಶಾಖೆಯಾಗಿ ನಿಲ್ಲಬಲ್ಲದು ಎಂದು ವಾದಿಸಿದರು. 1967ರಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಕಿನಿಸಿಯಾಲಜಿಗೆಂದೇ, ಎಂದರೆ ಈ ಚಲನೆಯ ಶಾಸ್ತ್ರಕ್ಕೆಂದೇ, ವಿಭಾಗ ಹುಟ್ಟಿತು. ನಮ್ಮಲ್ಲಿ ಫಿಸಿಯೋಥೆರಪಿ ಮತ್ತು ದೈಹಿಕ ಶಿಕ್ಷಣದ ಪದವಿಗಳಲ್ಲಿ ಇದು ಒಂದು ಪತ್ರಿಕೆಯಾಗಿ ಬರುತ್ತದೆ. ಅಂಗರಚನೆ, ಯಂತ್ರಶಾಸ್ತ್ರ, ನರವಿಜ್ಞಾನ ಎಂದು ಪಾಠಗಳನ್ನು ಹಂಚಿಕೊಂಡಾಗ ‘ಚಲಿಸುವವನು’ ಮಾತ್ರ ಯಾವ ಪಾಠದ ಪಾಲಿಗೂ ಬರುವುದಿಲ್ಲ.

ಆದರೆ ಪ್ರಯೋಗಗಳು ಅವನನ್ನು ಹಾಗೆ ಬಿಟ್ಟುಬಿಡಲು ಅವಕಾಶ ಕೊಡುವುದಿಲ್ಲ. 1920ರ ದಶಕದಲ್ಲಿ ಮಾಸ್ಕೋದ ಕೇಂದ್ರ ಶ್ರಮ ಸಂಸ್ಥೆಯಲ್ಲಿ ನಿಕೊಲಾಯ್ ಬರ್ನ್‌ಸ್ಟೈನ್ ಅನುಭವಿ ಕೆಲಸಗಾರರು ಉಳಿಯ ಮೇಲೆ ಸುತ್ತಿಗೆ ಬಡಿಯುವ ರೀತಿಯನ್ನು ಅಳೆದರು. ಕೈಯ ಕೀಲುಗಳಿಗೆ ಪುಟ್ಟ ಬಲ್ಬು ಕಟ್ಟಿ, ಆ ಬೆಳಕಿನ ಜಾಡನ್ನು ಫೋಟೊದಲ್ಲಿ ಹಿಡಿದರು. ಸುತ್ತಿಗೆಯ ತುದಿ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಹಾದಿಯಲ್ಲಿ ಬಂದು ಒಂದೇ ಜಾಗಕ್ಕೆ ಬಡಿಯುತ್ತಿತ್ತು. ಭುಜ, ಮೊಣಕೈ, ಮಣಿಕಟ್ಟುಗಳು ಮಾತ್ರ ಪ್ರತಿ ಸಲ ಬೇರೆ ಬೇರೆಯಾಗಿ ಬಾಗುತ್ತಿದ್ದವು. ಒಂದು ಕೀಲಿನಲ್ಲಿ ಆದ ವ್ಯತ್ಯಾಸವನ್ನು ಇನ್ನೊಂದು ಸರಿದೂಗಿಸುತ್ತಿತ್ತು. ಮಿದುಳಿನಲ್ಲಿ ಸ್ನಾಯುಗಳಿಗೆ ಬರೆದಿಟ್ಟ ಅಪ್ಪಣೆಗಳ ಪಟ್ಟಿಯೊಂದಿದ್ದು ದೇಹ ಅದನ್ನು ಚಾಚೂ ತಪ್ಪದೆ ಪಾಲಿಸುತ್ತದೆ ಎಂದಿದ್ದರೆ ಹೀಗಾಗುತ್ತಿರಲಿಲ್ಲ. ಬಡಿತಗಳೆಲ್ಲಕ್ಕೂ ಸಮಾನವಾಗಿದ್ದದ್ದು ಗುರಿ ಒಂದೇ. ಎಂದರೆ, ಸ್ನಾಯುಗಳ ವಿವರ ಎಷ್ಟೇ ಕೂಡಿಹಾಕಿದರೂ ಆ ಚಲನೆ ಏನೆಂಬುದು ಹೇಳಿ ಮುಗಿಯುವುದಿಲ್ಲ. ಏತಕ್ಕಾಗಿ ಎಂಬುದನ್ನು ಸೇರಿಸಿದಾಗಲೇ ಅದಕ್ಕೊಂದು ರೂಪ ಬರುತ್ತದೆ. ಕರ್ತೃವನ್ನು ಹುಡುಕಬೇಕಾದ ಜಾಗ ಇದು. ಅವನು ಸ್ನಾಯುಗಳ ಮೇಲ್ವಿಚಾರಕನಲ್ಲ, ಗುರಿಯನ್ನು ಹಿಡಿದವನು.

ನಮ್ಮ ವೇದಾಂತಿಗಳು ಇದೇ ಪ್ರಶ್ನೆಯನ್ನು ಬಡಗಿಯೊಬ್ಬನ ಉದಾಹರಣೆಯ ಮೂಲಕ ಚರ್ಚಿಸಿದ್ದಾರೆ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ, ವಿಧಿನಿಷೇಧಗಳಿಗೆ ಅರ್ಥವಿರಬೇಕಾದರೆ ಜೀವ ಕರ್ತೃವಾಗಿರಲೇಬೇಕು ಎಂದು ಮೊದಲು ಸ್ಥಾಪಿಸಿ, ಆಮೇಲೆ ಬಡಗಿಯ ಮಾತು ಬರುತ್ತದೆ. ಶಂಕರರ ವ್ಯಾಖ್ಯಾನದಲ್ಲಿ, ಉಪಕರಣ ಹಿಡಿದಾಗ ಬಡಗಿ ದುಡಿಯುತ್ತಾನೆ, ಕೆಳಗಿಟ್ಟಾಗ ಹಾಯಾಗಿರುತ್ತಾನೆ. ಹಾಗೆಯೇ ಕರ್ತೃತ್ವ ಆತ್ಮದ ಸ್ವಭಾವವಲ್ಲ, ಉಪಾಧಿಯಿಂದ ಬಂದದ್ದು. ಉಡುಪಿಯ ಮಧ್ವರು ಅದೇ ಬಡಗಿಯಲ್ಲಿ ಬೇರೆಯದನ್ನು ಕಂಡರು: ಅವನು ಕೆಲಸ ಮಾಡಿಸುವವನೊಬ್ಬನ ಅಧೀನದಲ್ಲಿದ್ದಾನೆ, ಆದರೂ ಕೆಲಸ ಮಾಡುವವನು ಅವನೇ. ಜೀವದ ಕರ್ತೃತ್ವ ಪರಾಧೀನ, ಆದರೆ ಸುಳ್ಳಲ್ಲ. ಚಲನೆಯ ವಿಜ್ಞಾನದ ಸಾಕ್ಷ್ಯಕ್ಕೆ ಹೆಚ್ಚು ಹೊಂದುವುದು ಈ ಎರಡನೆಯ ನಿಲುವಿನ ಆಕಾರ ಎಂದು ನನಗೆ ತೋರುತ್ತದೆ. ಮಧ್ವರು ಹೇಳಿದ ಅಧೀನತೆ ಹರಿಗೆ ಸಂಬಂಧಿಸಿದ್ದು. ಪ್ರಯೋಗಶಾಲೆ ಅದನ್ನು ಸಾಧಿಸಲೂ ಆರದು, ನಿರಾಕರಿಸಲೂ ಆರದು. ಆದರೆ ಅಧೀನನಾಗಿದ್ದೂ ನಿಜವಾದ ಕರ್ತೃವಾಗಿರಲು ಸಾಧ್ಯ ಎಂಬ ಅವರ ತರ್ಕ ಇಲ್ಲಿ ನಮಗೆ ಬೇಕಾದದ್ದೇ.

ಅಧೀನತೆ ಎಷ್ಟು ಆಳವಾದದ್ದು ಎಂಬುದಕ್ಕೆ ನರವೈದ್ಯ ಜೊನಾಥನ್ ಕೋಲ್ 1991ರಲ್ಲಿ ಪುಸ್ತಕವಾಗಿ ಬರೆದ ರೋಗಿಯೊಬ್ಬರ ಕಥೆ ಸಾಕ್ಷಿ. ಬ್ರಿಟನ್ನಿನ ಆ ವ್ಯಕ್ತಿಗೆ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬಂದ ಕಾಯಿಲೆಯಿಂದ ಕುತ್ತಿಗೆಯ ಕೆಳಗೆ ಸ್ಪರ್ಶವೂ ಕೈಕಾಲು ಎಲ್ಲಿವೆ ಎಂಬ ಒಳಅರಿವೂ ಹೊರಟುಹೋದವು. ಸ್ನಾಯುಗಳಲ್ಲಿ ಶಕ್ತಿಯಿತ್ತು, ಅವನ್ನು ಚಲಾಯಿಸುವ ನರಗಳೂ ಚೆನ್ನಾಗಿದ್ದವು, ಇಚ್ಛೆಗಂತೂ ಕೊರತೆಯಿರಲಿಲ್ಲ. ಆದರೂ ಎದ್ದು ನಿಲ್ಲಲಾಗಲಿಲ್ಲ. ಕೊನೆಗೆ ಕಣ್ಣಿನಿಂದ ಕೈಕಾಲುಗಳನ್ನು ನೋಡುತ್ತ, ಪ್ರತಿ ಚಲನೆಯನ್ನೂ ಯೋಚಿಸುತ್ತ, ದೀರ್ಘ ಸಾಧನೆಯಿಂದ ನಡೆಯಲು ಮತ್ತೆ ಕಲಿತರು. ದೀಪ ಆರಿದರೆ ದೇಹ ಹಿಡಿತ ತಪ್ಪುತ್ತಿತ್ತು. ಇದರಲ್ಲಿ ಎರಡು ಪಾಠಗಳಿವೆ. ನಾವು ನಮ್ಮದೆಂದುಕೊಂಡಿರುವ ಇಚ್ಛಾಶಕ್ತಿ, ನಮಗೆ ತಿಳಿಯದಂತೆ ಸಲ್ಲುತ್ತಿರುವ ಅಸಂಖ್ಯ ನೆರವುಗಳ ಮೇಲೆ ನಿಂತಿದೆ. ಆ ನೆರವು ತಪ್ಪಿದಾಗಲೂ ಗುರಿ ಹಿಡಿದವನು ಇನ್ನೊಂದು ದಾರಿಯನ್ನು ಕಂಡುಕೊಳ್ಳಬಲ್ಲ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಕರ್ಮಕ್ಕೆ ಐದು ಕಾರಣಗಳನ್ನು ಎಣಿಸುತ್ತದೆ: ಅಧಿಷ್ಠಾನ, ಕರ್ತೃ, ಕರಣಗಳು, ಬಗೆಬಗೆಯ ಚೇಷ್ಟೆಗಳು, ದೈವ. ಕರ್ತೃ ಐವರಲ್ಲಿ ಒಬ್ಬ. ತಾನೊಬ್ಬನೇ ಮಾಡಿದೆನೆಂದುಕೊಳ್ಳುವವನಿಗೆ ತಿಳಿವಳಿಕೆ ಸಾಲದು ಎಂದು ಗೀತೆ ಎಚ್ಚರಿಸುತ್ತದೆಯೇ ಹೊರತು ಅವನ ಹೆಸರನ್ನು ಆ ಎಣಿಕೆಯಿಂದ ತೆಗೆದುಹಾಕುವುದಿಲ್ಲ.

ಇದಕ್ಕೆ ಬಲವಾದ ಆಕ್ಷೇಪ ನರವಿಜ್ಞಾನದಿಂದಲೇ ಬರುತ್ತದೆ. 1983ರಲ್ಲಿ ಬೆಂಜಮಿನ್ ಲಿಬೆಟ್ ಪ್ರಕಟಿಸಿದ ಪ್ರಯೋಗದಲ್ಲಿ, ತಮಗೆ ಬೇಕೆನಿಸಿದಾಗ ಮಣಿಕಟ್ಟು ಅಲುಗಿಸುವಂತೆ ಜನರಿಗೆ ಹೇಳಲಾಗಿತ್ತು. ಅಲುಗಿಸಬೇಕೆಂಬ ಇಚ್ಛೆ ಚಲನೆಗೆ ಸುಮಾರು 200 ಮಿಲಿಸೆಕೆಂಡ್ ಮೊದಲು ಅವರ ಅರಿವಿಗೆ ಬಂದರೆ, ಮಿದುಳಿನ ವಿದ್ಯುತ್ ಸಿದ್ಧತೆ ಅದಕ್ಕೂ ಮುಂಚೆಯೇ, ಚಲನೆಗೆ ಸುಮಾರು ಅರ್ಧ ಸೆಕೆಂಡ್ ಮೊದಲು ಶುರುವಾಗಿತ್ತು. ಮಿದುಳು ಮೊದಲೇ ತೀರ್ಮಾನಿಸಿರುತ್ತದೆ, ‘ನಾನು’ ಆಮೇಲೆ ಬಂದು ರುಜು ಹಾಕುತ್ತೇನೆ ಎಂದು ಹಲವರು ಇದರಿಂದ ತೀರ್ಪಿತ್ತರು. ತೀರ್ಪು ಆತುರದ್ದು. 2012ರಲ್ಲಿ ಆರನ್ ಶುರ್ಗರ್ ಮತ್ತು ಸಂಗಡಿಗರು, ಆ ವಿದ್ಯುತ್ ಸಿದ್ಧತೆಯ ಏರಿಕೆ ನಿರ್ಧಾರದ ಗುರುತೇ ಆಗಬೇಕಿಲ್ಲ, ಮಿದುಳಿನಲ್ಲಿ ಸದಾ ಇರುವ ಏರಿಳಿತಗಳು ಒಂದು ಮಿತಿ ದಾಟುವುದರ ಸರಾಸರಿ ಚಿತ್ರವೂ ಆಗಿರಬಹುದು ಎಂದು ತೋರಿಸಿದರು. ಅದಕ್ಕಿಂತ ಮುಖ್ಯವಾದದ್ದು ಪ್ರಯೋಗದ ರಚನೆಯೇ. ಯಾವ ಉದ್ದೇಶವೂ ಇಲ್ಲದೆ ಮಣಿಕಟ್ಟು ಅಲುಗಿಸುವಲ್ಲಿ ಈ ಕ್ಷಣವೋ ಮುಂದಿನ ಕ್ಷಣವೋ ಎಂಬುದಕ್ಕೆ ಕಾರಣವೇ ಇರುವುದಿಲ್ಲ. ಕಾರಣವಿದ್ದ ತೀರ್ಮಾನ ಪ್ರಯೋಗಕ್ಕೆ ಒಪ್ಪಿದಾಗಲೇ ಆಗಿತ್ತು. ಅದನ್ನು ಯಾರೂ ಮಿಲಿಸೆಕೆಂಡುಗಳಲ್ಲಿ ಅಳೆದಿರಲಿಲ್ಲ.

ಎರಡನೆಯ ಆಕ್ಷೇಪ ಅಧ್ಯಾತ್ಮದ ಕಡೆಯದು. ಸಾಂಖ್ಯರ ಪ್ರಕಾರ ಪ್ರಕೃತಿ ನಡೆಯುತ್ತದೆ, ಪುರುಷ ನೋಡುತ್ತಾನೆ. ಕುಂಟನನ್ನು ಹೊತ್ತ ಕುರುಡನಂತೆ ಇಬ್ಬರೂ ಕೂಡಿ ಸಾಗುತ್ತಾರೆ. ಕರ್ತೃತ್ವವನ್ನು ಕಳಚಿ ಸಾಕ್ಷಿಯಾಗುವುದೇ ಬಿಡುಗಡೆಯಾದರೆ, ಚಲನೆಯಲ್ಲಿ ಕರ್ತೃವನ್ನು ಹುಡುಕುವುದು ಬಂಧನವನ್ನೇ ಬಿಗಿ ಮಾಡಿದಂತಲ್ಲವೇ? ಶ್ರವಣಬೆಳಗೊಳದ ಬಾಹುಬಲಿ ನಿಂತಿರುವ ಕಾಯೋತ್ಸರ್ಗವನ್ನು, ಎಂದರೆ ದೇಹವನ್ನು ತ್ಯಜಿಸಿದಂತೆ ನಿಲ್ಲುವ ಭಂಗಿಯನ್ನು, ಇಲ್ಲಿ ಗಂಭೀರವಾಗಿ ಯೋಚಿಸಬೇಕು. ಕಲ್ಲು ಅಲುಗದೆ ನಿಲ್ಲುತ್ತದೆ. ಜೀವಂತ ದೇಹ ಹಾಗೆ ನಿಲ್ಲಲಾರದು: ನೆಟ್ಟಗೆ ನಿಂತವನ ಭಾರಕೇಂದ್ರ ಪಾದದ ಕೀಲಿಗಿಂತ ತುಸು ಮುಂದಿರುವುದರಿಂದ ಮೀನಖಂಡದ ಸ್ನಾಯುಗಳು ಬಿಡುವಿಲ್ಲದೆ ಅವನನ್ನು ಹಿಂದಕ್ಕೆ ಹಿಡಿದಿರುತ್ತವೆ, ದೇಹ ಕಣ್ಣಿಗೆ ಕಾಣದಷ್ಟು ತೂಗುತ್ತಲೇ ಇರುತ್ತದೆ. ಎಂದ ಮೇಲೆ ದೇಹವನ್ನು ತ್ಯಜಿಸಿ ನಿಂತ ಮುನಿ ಬಿಟ್ಟದ್ದು ಚಲನೆಯನ್ನಲ್ಲ, ಅದರ ಮೇಲಿನ ಮಮಕಾರವನ್ನು. ಹಾಗೆ ಬಿಡುವ ಸಂಕಲ್ಪವೂ ಯಾರೋ ಒಬ್ಬರು ಹಿಡಿದ ಗುರಿಯೇ. ಅಹಂಕಾರದ ತ್ಯಾಗಕ್ಕೂ ತ್ಯಜಿಸುವವನೊಬ್ಬ ಬೇಕು. ಆದ್ದರಿಂದ ಸಾಕ್ಷಿಭಾವದ ಬೋಧನೆ ನಮ್ಮ ಕರ್ತೃತ್ವದ ಹೆಮ್ಮೆಯನ್ನು ತಿದ್ದುತ್ತದೆ. ಸಾಧನೆಯ ಹಾದಿಯಲ್ಲಿರುವ ತನಕ ಹೊಣೆಯನ್ನು ಇಳಿಸಿಬಿಡುವುದಿಲ್ಲ.

ಗುರಿ ಹಿಡಿಯುವುದೇ ಕರ್ತೃತ್ವವಾದರೆ ತನ್ನಷ್ಟಕ್ಕೆ ದಾರಿ ತಿದ್ದಿಕೊಂಡು ಹಾರುವ ಕ್ಷಿಪಣಿಯೂ ಕರ್ತೃವಾಗಬೇಕಲ್ಲ ಎಂದು ಮೂರನೆಯವರು ಕೇಳಬಹುದು. ಕ್ಷಿಪಣಿಗೆ ಗುರಿಯಿದೆ, ಆದರೆ ಆ ಗುರಿ ತಕ್ಕದ್ದೇ ಎಂಬ ಪ್ರಶ್ನೆಯಿಲ್ಲ. ಎತ್ತಿದ ಕೈಯನ್ನು ಅರ್ಧದಲ್ಲಿ ತಡೆದು ‘ಹೊಡೆಯಬಾರದು’ ಎಂದುಕೊಳ್ಳುವ ಶಕ್ತಿ ಮನುಷ್ಯನದು. ಮನುಷ್ಯನ ಗುರಿಗಳೂ ಹುಟ್ಟು, ಮನೆ, ಸಮಾಜಗಳಿಂದ ಬಂದವೇ ಎಂದರೆ ಒಪ್ಪುತ್ತೇನೆ. ಅಧೀನತೆ ಎಂದದ್ದು ಅದನ್ನೇ. ಬಂದ ಗುರಿಯನ್ನು ತೂಗಿನೋಡಿ ಒಪ್ಪುವ ಇಲ್ಲವೇ ಬಿಡುವ ಶಕ್ತಿ ಉಳಿದಿರುವಷ್ಟು ಕಾಲ ಹೊಣೆಯೂ ಉಳಿದಿರುತ್ತದೆ.

ಈ ವಿಚಾರ ತರಗತಿಗೆ ಹೊರಗಿನದಲ್ಲ, ಚಿಕಿತ್ಸೆಯ ಫಲವನ್ನೇ ಮುಟ್ಟುವಂಥದ್ದು. ಲಕ್ವ ಹೊಡೆದವರಿಗೆ ಬರಿದೇ ಕೈ ಚಾಚಲು ಹೇಳುವುದಕ್ಕಿಂತ ಎದುರಿಗಿರುವ ವಸ್ತುವೊಂದನ್ನು ತೆಗೆದುಕೊಳ್ಳಲು ಹೇಳಿದಾಗ ಚಲನೆ ಹೆಚ್ಚು ಸರಾಗವಾಗುವುದನ್ನು ಸಂಶೋಧಕರು ಅಳೆದಿದ್ದಾರೆ. ಪಾರ್ಕಿನ್ಸನ್ ಕಾಯಿಲೆಯಿಂದ ಹೆಜ್ಜೆ ಕಚ್ಚಿಕೊಂಡು ನಿಂತುಬಿಟ್ಟವರು ನೆಲದ ಮೇಲೆ ಅಡ್ಡಗೆರೆಗಳನ್ನು ಎಳೆದರೆ ಅವನ್ನು ದಾಟಿ ನಡೆಯುವುದುಂಟು. ಸ್ನಾಯುವನ್ನಷ್ಟೇ ಕಾಣುವ ಚಿಕಿತ್ಸಕ ಇಂಥಲ್ಲಿ ರೋಗಿಯನ್ನು ಕೆಟ್ಟ ಯಂತ್ರವೆಂದು ತಿಳಿದಾನು. ಇಚ್ಛೆಯನ್ನಷ್ಟೇ ಕಾಣುವವನು ‘ಮನಸ್ಸು ಮಾಡಿದರೆ ಆಗುತ್ತದೆ’ ಎಂದು ಗದರಿಸಿಯಾನು. ಎರಡೂ ಅನ್ಯಾಯ. ಎರಡನೆಯದು ನಮ್ಮ ಮನೆಗಳಲ್ಲಿ ಹೆಚ್ಚು, ಮತ್ತು ಹೆಚ್ಚು ಕ್ರೂರ: ದೇಹದ ನೆರವು ತಪ್ಪಿದವರಿಗೆ ಸೋಮಾರಿತನದ ಹೆಸರು ಕೊಡುತ್ತದೆ. ಕರ್ತೃತ್ವ ನಿಜ, ಆದರೆ ಅಧೀನ ಎಂದು ತಿಳಿದವರು ಈ ಎರಡು ತಪ್ಪುಗಳನ್ನೂ ಮಾಡಲಾರರು. ಆದ್ದರಿಂದ ಚಲನೆಯನ್ನು ಕಲಿಸುವ ಕಾಲೇಜುಗಳು ಕೀಲು, ಬಲ, ನರಗಳ ಪಾಠಗಳ ಜೊತೆಗೆ ‘ಯಾರು, ಏತಕ್ಕಾಗಿ’ ಎಂಬ ಪ್ರಶ್ನೆಯನ್ನೂ ಪಠ್ಯವಾಗಿಯೇ ಕಲಿಸಬೇಕು. ಅದನ್ನು ಕೇಳಲು ಕಲಿತ ವಿದ್ಯಾರ್ಥಿ ರೋಗಿಯ ಕಾಲಿನ ಬಲವನ್ನು ಅಳೆಯುವ ಮೊದಲು ಅವರು ಎಲ್ಲಿಗೆ ನಡೆಯಬೇಕೆಂದಿದ್ದಾರೆ ಎಂದು ವಿಚಾರಿಸುತ್ತಾನೆ, ಆ ಉತ್ತರದಿಂದಲೇ ಚಿಕಿತ್ಸೆಯನ್ನು ಆರಂಭಿಸುತ್ತಾನೆ.