ನಾಲ್ಕು ಜನ ಏನೆಂದಾರು?

ಮನುಷ್ಯನು ದೇವರಿಗಿಂತ ಹೆಚ್ಚಾಗಿ ನಾಲ್ಕು ಜನರಿಗೆ ಅಂಜುತ್ತಾನೆ. ಏಕಾಂತದಲ್ಲಿ ಅನ್ಯಾಯವೆಂದು ತೋರಿದ ಕಾರ್ಯವು ಸಭೆಯಲ್ಲಿ ಕುಳಿತಾಗ ಸಂಪ್ರದಾಯವೆಂದು ತೋರುತ್ತದೆ. ಹಲವರಲ್ಲಿ ಹಂಚಿಹೋದ ಪಾಪದಲ್ಲಿ ತನ್ನ ಪಾಲೇನೂ ಇಲ್ಲವೆಂಬ ಭ್ರಾಂತಿ ಅವನದು. ಈ ಭ್ರಾಂತಿಯ ಕಥೆಯನ್ನೂ ಅದನ್ನು ಗೆದ್ದವರ ಕಥೆಯನ್ನೂ ಗೋದಾವರಿಯ ತೀರವು ಬಲ್ಲದು.

ಇಂದಿನ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣಕ್ಕೆ ಸಮೀಪದ ಆಪೇಗಾಂವದ ವಿಠ್ಠಲಪಂತರು ಸಂನ್ಯಾಸ ಸ್ವೀಕರಿಸಿ, ಗುರುವಿನ ಆಜ್ಞೆಯಂತೆ ಮರಳಿ ಗೃಹಸ್ಥರಾದರು. ಸಮಾಜವು ಬಹಿಷ್ಕಾರ ಹಾಕಿತು. ಮಕ್ಕಳಿಗಾದರೂ ಬಿಡುಗಡೆಯಾಗಲೆಂದು ದಂಪತಿಗಳು ದೇಹತ್ಯಾಗ ಮಾಡಿದರೆಂದು ಸಂತಚರಿತ್ರೆಗಳು ಹೇಳುತ್ತವೆ. ಹಾಗೆ ವಿಧಿಸಿದವರು ಕ್ರೂರಿಗಳಲ್ಲ, ಶಾಸ್ತ್ರಜ್ಞರು. ಒಬ್ಬೊಬ್ಬರ ಎದೆಯಲ್ಲಿಯೂ ಕರುಣೆಯಿದ್ದಿರಬೇಕು. ಸಭೆಗೆ ಮಾತ್ರ ಎದೆಯಿರಲಿಲ್ಲ. ಅನಾಥರಾದ ಮಕ್ಕಳು ಶುದ್ಧಿಪತ್ರ ಬೇಡಿ ಪೈಠಣಕ್ಕೆ ಬಂದಾಗ ಕೋಣವೊಂದು ವೇದ ನುಡಿಯಿತೆಂಬುದು ಪ್ರತೀತಿ. ಬಲ್ಲವರು ಬಾಯಿ ಕಟ್ಟಿಕೊಂಡಾಗ ಮೂಕಪ್ರಾಣಿಯೇ ಮಾತನಾಡಬೇಕಾಗುತ್ತದೆ!

ಆ ಮಕ್ಕಳಲ್ಲಿ ಹಿರಿಯರಾದ ನಿವೃತ್ತಿನಾಥರ ಸಮಾಧಿಯು ನಾಸಿಕ ಜಿಲ್ಲೆಯ ತ್ರ್ಯಂಬಕೇಶ್ವರದಲ್ಲಿದೆ. ತಮ್ಮ ಜ್ಞಾನದೇವರು 1290ರಲ್ಲಿ ಜ್ಞಾನೇಶ್ವರಿಯನ್ನು ಪೂರೈಸಿ, ದುಷ್ಟರು ಅಳಿಯಲೆಂದು ಬೇಡದೆ, ಅವರ ದುಷ್ಟತನವು ಅಳಿಯಲೆಂದು ಬೇಡಿದರು. ಬಹಿಷ್ಕೃತನ ಪ್ರಾರ್ಥನೆಯಲ್ಲಿ ಬಹಿಷ್ಕರಿಸಿದವರಿಗೂ ಸ್ಥಳವಿತ್ತು.

ಅದೇ ಪೈಠಣದಲ್ಲಿ ಹದಿನಾರನೆಯ ಶತಮಾನದಲ್ಲಿ ಏಕನಾಥರಿದ್ದರು. ಶ್ರಾದ್ಧದ ಅಡಿಗೆಯ ಪರಿಮಳಕ್ಕೆ ಹಸಿದು ನಿಂತ ಅಸ್ಪೃಶ್ಯರಿಗೆ ಅವರು ಮೊದಲು ಉಣಬಡಿಸಿದರು. ಆಮಂತ್ರಿತರು ಒಟ್ಟಾಗಿ ಊಟವನ್ನು ನಿರಾಕರಿಸಿದರು. ಆಗ ಪಿತೃಗಳೇ ಬಂದು ಪಂಕ್ತಿಯಲ್ಲಿ ಕುಳಿತರೆಂದು ಕಥೆ. ನಾಲ್ಕು ಜನ ಎದ್ದುಹೋದ ಎಲೆಗೆ ದೇವರು ಬಂದು ಕೂಡುತ್ತಾನೆಂಬುದೇ ಅದರ ಮರ್ಮ.

ಆದರೆ ಗುಂಪು ಬೇಗನೆ ಮರೆಯುತ್ತದೆ. 1930ರ ಮಾರ್ಚ್ 2ರಂದು ಡಾ. ಅಂಬೇಡ್ಕರರ ನೇತೃತ್ವದಲ್ಲಿ ನಾಸಿಕದ ಕಾಳಾರಾಮ ಮಂದಿರದ ಪ್ರವೇಶಕ್ಕಾಗಿ ಸತ್ಯಾಗ್ರಹವು ಆರಂಭವಾಯಿತು. ಶಬರಿಯ ಹಣ್ಣನ್ನು ಸ್ವೀಕರಿಸಿದ ರಾಮನ ಬಾಗಿಲು ಅವರಿಗೆ ತೆರೆಯಲಿಲ್ಲ. ಮುಚ್ಚಿದವನು ರಾಮನಲ್ಲ, ನಾಲ್ಕು ಜನರು. 1935ರಲ್ಲಿ ಅದೇ ಜಿಲ್ಲೆಯ ಯೇವಲೆಯಲ್ಲಿ, ತಾವು ಹಿಂದೂವಾಗಿ ಸಾಯುವುದಿಲ್ಲವೆಂದು ಅಂಬೇಡ್ಕರರು ಘೋಷಿಸಿದರು. ಅಂದಿನ ಮೌನಿಗಳು ತೆತ್ತ ಬೆಲೆಯಿದು. ಸಾಮಾಜಿಕ ಬಹಿಷ್ಕಾರವನ್ನು ತಡೆಯಲು ಮಹಾರಾಷ್ಟ್ರವು 2016ರಲ್ಲಿಯೂ ಕಾಯಿದೆಯೊಂದನ್ನು ರಚಿಸಬೇಕಾಯಿತೆಂದರೆ, ವಿಠ್ಠಲಪಂತರ ಕಾಲವು ಇನ್ನೂ ಪೂರ್ತಿಯಾಗಿ ಮುಗಿದಿಲ್ಲವೆಂದೇ ಅರ್ಥ.

ಹಾಗಾದರೆ ಸಂಘವೇ ತ್ಯಾಜ್ಯವೇ? ಅಲ್ಲ. ಪಂಢರಿಯ ದಾರಿಯಲ್ಲಿ ಒಬ್ಬನ ತಾಳಕ್ಕೆ ಮತ್ತೊಬ್ಬನ ಹೆಜ್ಜೆ ಕೂಡುವುದೂ ಸಂಘದ ಪ್ರಭಾವವೇ. ಬಳಲಿದವನನ್ನು ನಡೆಸುವ ಗುಂಪು ಸತ್ಸಂಗ. ಬಿದ್ದವನನ್ನು ತುಳಿಯುವ ಗುಂಪು ಬರಿಯ ಸಂದಣಿ. ತಾನಿರುವುದು ಯಾವುದರಲ್ಲಿ ಎಂಬುದನ್ನು ಪ್ರತಿಯೊಬ್ಬನೂ ತನ್ನ ಅಂತರಾತ್ಮವನ್ನೇ ಕೇಳಬೇಕು.

ವಿಜಯದಶಮಿಯಂದು ಊರ ಎಲ್ಲೆಯನ್ನು ದಾಟಿ ಸೀಮೋಲ್ಲಂಘನ ಮಾಡುವುದು ರೂಢಿ. ಎಲ್ಲರೊಡನೆ ಕೂಡಿ ಊರ ಎಲ್ಲೆ ದಾಟುವುದು ಸುಲಭ. ಎಲ್ಲರೂ ಸುಮ್ಮನಿದ್ದಾಗ ಒಬ್ಬನೇ ಎದ್ದು, “ಇದು ಸರಿಯಲ್ಲ” ಎನ್ನುವುದು ನಿಜವಾದ ಸೀಮೋಲ್ಲಂಘನ. ಆ ಧೈರ್ಯವನ್ನು ಜಗನ್ಮಾತೆಯು ಸರ್ವರಿಗೂ ಅನುಗ್ರಹಿಸಲಿ.