ಕೂಟವನ್ನು ಬಿಡುವದೂ ಮುಚ್ಚುವದೂ

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಗಡಿಗೆಯನ್ನು ಮಾಡಬೇಕಾದರೆ ಮಣ್ಣು ತರಬೇಕು, ಹದಮಾಡಬೇಕು, ತಿಗರಿಯ ಮೇಲೆ ತಿರುಗಿಸಬೇಕು, ಒಣಗಿಸಬೇಕು, ಸುಡಬೇಕು. ಒಡೆಯುವದಕ್ಕಾದರೋ ಒಂದು ಪೆಟ್ಟು ಸಾಕು. ಜನರ ಕೂಟಗಳ ವಿಷಯದಲ್ಲಿಯೂ ಈ ಮಾತು ನಿಜವಾಗಿದೆ. ಕೂಟವನ್ನು ಹೇಗೆ ಪ್ರಾರಂಭಿಸಬೇಕೆಂದು ಬೋಧಿಸುವವರು ಬಹು ಮಂದಿ. ಹೇಗೆ ಮುಗಿಸಬೇಕೆಂದು ಹೇಳಿಕೊಡುವವರು ವಿರಳ. ಆದಕಾರಣ ಈ ಸಾರಿ ನಾವು ಆ ವಿಷಯವನ್ನು ಕುರಿತು ಸ್ವಲ್ಪ ಆಲೋಚಿಸೋಣ.

ಈಗಿನ ಕಾಲದಲ್ಲಿ ಜನರು ಕೂಡುವ ಸ್ಥಳಗಳು ಅರಳೀಕಟ್ಟೆಯೂ ಚಾವಡಿಯೂ ಮಾತ್ರವೇ ಅಲ್ಲ. ಅಂತರಜಾಲದ ಮೂಲಕವಾಗಿ ಕೈಯಲ್ಲಿರುವ ಫೋನಿನೊಳಗೆ ನೂರಾರು ಜನರು ದಿನಾಲು ಕೂಡಿಬಂದು ಮಾತಾಡುತ್ತಾರೆ. ಇಂಥಾ ಕೂಟಕ್ಕೆ ಗೋಡೆಯಿಲ್ಲ, ಮಾಡಿಲ್ಲ. ಆದರೂ ಬಾಗಿಲುಂಟು, ಆ ಬಾಗಿಲಿನ ಬೀಗದ ಕೈ ಒಬ್ಬನ ವಶದಲ್ಲಿರುತ್ತದೆ. ಅವನನ್ನು ಅಡ್ಮಿನ್ ಎಂದು ಕರೆಯುವರು. ನಾವು ಮೇಲ್ವಿಚಾರಕನೆಂದು ಹೇಳೋಣ. ಇವನು ತನ್ನ ಕೂಟವನ್ನು ಮನಸ್ಸು ಬಂದಾಗ ಮುಚ್ಚಬಹುದೋ? ಕಟ್ಟಿದವನಿಗೆ ಕೆಡವುವ ಅಧಿಕಾರವೂ ಉಂಟೋ? ಇದೇ ನಮ್ಮ ಮುಂದಿರುವ ಪ್ರಶ್ನೆ.

ನಾವು ಬಲ್ಲ ಒಂದು ಗ್ರಾಮದಲ್ಲಿ ನಡೆದದ್ದನ್ನು ಕೇಳಿರಿ. 2020ನೇ ಇಸವಿಯಲ್ಲಿ ಕೊರೋನಾ ಜಾಡ್ಯದ ನಿಮಿತ್ತ ದಾರಿಗಳೂ ಅಂಗಡಿಗಳೂ ಮುಚ್ಚಿದ್ದಾಗ ಅಲ್ಲಿಯ ಒಬ್ಬ ಯೌವನಸ್ಥನು ವಾಟ್ಸಾಪಿನಲ್ಲಿ ಊರವರಿಗಾಗಿ ಒಂದು ಕೂಟವನ್ನು ಕಟ್ಟಿದನು. ಪಡಿತರದ ಅಕ್ಕಿ ಯಾವ ದಿನ ಬರುವದು, ಔಷಧ ಎಲ್ಲಿ ಸಿಕ್ಕುವದು, ಯಾರ ಮನೆಯಲ್ಲಿ ರೋಗ ಉಂಟು ಎಂಬ ಸಮಾಚಾರಗಳು ಅದರಲ್ಲಿ ಬರುತ್ತಿದ್ದವು. ಜಾಡ್ಯವು ಇಳಿದ ಮೇಲೆಯೂ ಕೂಟವು ಉಳಿಯಿತು. ಕರೆಂಟು ಹೋಗುವ ಹೊತ್ತು, ಅಡಿಕೆಯ ಧಾರಣೆ, ತಪ್ಪಿಹೋದ ಕರು, ಮದುವೆಯ ಕರೆ, ಮರಣದ ವಾರ್ತೆ, ನಾಳೆ ಪೇಟೆಗೆ ಹೋಗುವ ಗಾಡಿ ಯಾರದು ಎಂಬದು, ಎಲ್ಲವೂ ಅಲ್ಲಿಯೇ. ನಾಲ್ಕು ವರುಷಗಳ ತನಕ ಆ ಯೌವನಸ್ಥನು ಒಬ್ಬನೇ ಅದನ್ನು ನೋಡಿಕೊಂಡನು. ಸುಳ್ಳು ಸುದ್ದಿ ಬಂದರೆ ತೆಗೆದುಹಾಕುವನು. ಬೈಗಳು ಬಂದರೆ ಸಮಾಧಾನಪಡಿಸುವನು. ನಡುರಾತ್ರಿಯಲ್ಲಿ ಫೋನು ಮಿಡಿದರೆ ಎದ್ದು ನೋಡುವನು. ಅವನಿಗೆ ಒಂದು ಕಾಸಿನ ಸಂಬಳವಿರಲಿಲ್ಲ. ಉಪಕಾರವಾಯಿತೆಂದು ಹೇಳಿದವರೂ ಬಹಳವಿರಲಿಲ್ಲ.

ಕಡೆಗೆ ಹೊಲದ ಬದುವಿನ ವಿಷಯದಲ್ಲಿ ಎರಡು ಮನೆಯವರೊಳಗೆ ಹುಟ್ಟಿದ ಜಗಳವು ಕೂಟದೊಳಕ್ಕೆ ಬಂತು. ಮೂರು ದಿನ ಅದು ಉರಿಯಿತು. ಅವನು ಎರಡು ಕಡೆಯವರಿಗೂ ಬುದ್ಧಿ ಹೇಳಲಾಗಿ ಎರಡು ಕಡೆಯವರೂ ಅವನನ್ನೇ ಪಕ್ಷಪಾತಿ ಎಂದರು. ಆ ರಾತ್ರಿ ಅವನು ಎಲ್ಲರ ಹೆಸರುಗಳನ್ನು ಒಂದೊಂದಾಗಿ ತೆಗೆದುಹಾಕಿ, ಒಂದು ಮಾತನ್ನಾದರೂ ಬರೆಯದೆ, ಕೂಟವನ್ನು ಮುಚ್ಚಿಬಿಟ್ಟನು.

ಜಗಳವಾಡಿದವರಿಗೆ ಏನೂ ನಷ್ಟವಾಗಲಿಲ್ಲ. ಅವರು ಚಹದ ಅಂಗಡಿಯ ಮುಂದೆ ಜಗಳವನ್ನು ಮುಂದುವರಿಸಿದರು. ಆದರೆ ಊರ ಅಂಚಿನಲ್ಲಿ ಒಬ್ಬ ಹೆಂಗಸು ಇದ್ದಳು. ಆಕೆಯ ಗಂಡನಿಗೆ ಮೂತ್ರಪಿಂಡಗಳು ಕೆಟ್ಟಿದ್ದರಿಂದ ವಾರಕ್ಕೆ ಎರಡಾವರ್ತಿ ಡಯಾಲಿಸಿಸ್ ಎಂಬ ರಕ್ತಶುದ್ಧಿಗಾಗಿ ತಾಲೂಕಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಗಿತ್ತು. ಆಕೆ ಕೂಟದಲ್ಲಿ ಎಂದೂ ಒಂದಕ್ಷರವನ್ನು ಬರೆದವಳಲ್ಲ. ಆದರೆ ಪ್ರತಿ ಸಾಯಂಕಾಲ ಮಗಳಿಂದ ಓದಿಸಿ, ನಾಳೆ ಯಾರ ಗಾಡಿ ಪೇಟೆಗೆ ಹೋಗುವದೆಂದು ತಿಳುಕೊಂಡು, ಬೆಳಿಗ್ಗೆ ಗಂಡನೊಡನೆ ದಾರಿಯ ಬದಿಯಲ್ಲಿ ನಿಲ್ಲುವಳು. ಆ ಬೆಳಿಗ್ಗೆಯೂ ನಿಂತಳು. ಗಾಡಿಗಳು ಎಷ್ಟು ಹೊತ್ತಿಗೆ ಹೋದವೋ, ಯಾವ ದಾರಿ ಹಿಡಿದವೋ, ಆಕೆಗೆ ತಿಳಿಯಲಿಲ್ಲ. ಬಸ್ಸು ಸಿಕ್ಕಿ ಆಸ್ಪತ್ರೆಗೆ ಮುಟ್ಟುವಷ್ಟರಲ್ಲಿ ಗಂಡನ ಸರದಿ ದಾಟಿಹೋಗಿತ್ತು.

ಮೇಲ್ವಿಚಾರಕನು ಕ್ರೂರನಲ್ಲ. ಆಕೆಯ ಸಂಗತಿಯು ಅವನಿಗೆ ಗೊತ್ತೇ ಇರಲಿಲ್ಲ. ಆದರೆ ನಾವು ಕಲಿಯತಕ್ಕದ್ದು ಇದರಲ್ಲಿಯೇ ಉಂಟು. ಕೂಟದಲ್ಲಿ ಮಾತಾಡುವವರು ಸ್ವಲ್ಪ ಜನ, ಮೌನವಾಗಿ ಕೇಳುವವರು ಬಹಳ ಜನ. ಮುಚ್ಚುವವನು ಮಾತಾಡಿದವರ ಮೇಲಣ ಸಿಟ್ಟಿನಿಂದ ಮುಚ್ಚುತ್ತಾನೆ. ಪೆಟ್ಟಾದರೋ ಮೌನವಾಗಿದ್ದವರ ಮೇಲೆ ಬೀಳುತ್ತದೆ.

ಹಾಗಾದರೆ ಅವನು ಸಾಯುವ ತನಕ ಈ ಹೊರೆಯನ್ನು ಹೊತ್ತುಕೊಂಡೇ ಇರಬೇಕೋ? ಹಾಗೆ ನಾವು ಹೇಳುವದಿಲ್ಲ. ಒಬ್ಬನು ತನ್ನ ಹೊಲದಲ್ಲಿ ಬಾವಿಯನ್ನು ತೋಡಿ ಊರವರಿಗೆ ನೀರು ಕೊಟ್ಟನೆಂದುಕೊಳ್ಳಿರಿ. ದಿನಾಲು ಸೇದಿ ಕೊಡುವ ಕೆಲಸವನ್ನು ಅವನು ಬಿಟ್ಟರೆ ಯಾರೂ ಅವನನ್ನು ದೂಷಿಸಕೂಡದು. ಆದರೆ ಆ ನೀರನ್ನೇ ನಂಬಿ ಇತರರು ತಮ್ಮ ಬಾವಿಗಳನ್ನು ತೋಡದೆ ಇದ್ದಾಗ, ಒಂದೇ ರಾತ್ರಿಯಲ್ಲಿ ಅದನ್ನು ಮಣ್ಣಿನಿಂದ ಮುಚ್ಚುವದು ನ್ಯಾಯವಲ್ಲ. ಬಾವಿಯ ನೆಲವು ಅವನದೇ. ಊರವರ ನಂಬಿಕೆಯು ಅವನ ಸ್ವತ್ತಲ್ಲ. ಹೀಗಿರಲಾಗಿ ಬಿಡುವದು ಬೇರೆ, ಮುಚ್ಚುವದು ಬೇರೆ. ಬಿಡುವದಕ್ಕೆ ಅವನ ದಣಿವೇ ಸಾಕಾದ ಕಾರಣ. ಮುಚ್ಚುವದಕ್ಕೆ ಅದು ಸಾಲದು.

ಈ ಭೇದವನ್ನು ಚೆನ್ನಾಗಿ ತಿಳಿದು ನಡೆದವರು ಲೋಕದಲ್ಲಿ ಇದ್ದಾರೆ. ಅಮೆರಿಕದಲ್ಲಿ 1999ರಲ್ಲಿ ಮೆಟಾಫಿಲ್ಟರ್ ಎಂಬ ಹೆಸರಿನ ಸಂಭಾಷಣೆಯ ಕೂಟವು ಅಂತರಜಾಲದಲ್ಲಿ ಪ್ರಾರಂಭವಾಯಿತು. ಅದನ್ನು ಸ್ಥಾಪಿಸಿದವನು 15 ವರುಷಗಳಿಗಿಂತ ಹೆಚ್ಚು ಕಾಲ ನಡಿಸಿದ ತರುವಾಯ 2015ರಲ್ಲಿ ಆ ಕೆಲಸವನ್ನು ಬಿಟ್ಟನು. ಆದರೆ ಬಾಗಿಲನ್ನು ಮುಚ್ಚಲಿಲ್ಲ, ತನ್ನ ಸಂಗಡ ಕೆಲಸ ಮಾಡುತ್ತಿದ್ದವರ ಕೈಗೆ ಕೊಟ್ಟನು. 2022ರಲ್ಲಿ ಅದು ಮತ್ತೊಬ್ಬರ ಕೈಗೆ ಹೋಯಿತು. ಕಟ್ಟಿದವನು ಹೋದನು, ಕೂಟವು ನಿಂತಿತು. ಅದೇ ದೇಶದಲ್ಲಿ 1985ರಲ್ಲಿ ಹುಟ್ಟಿದ ದಿ ವೆಲ್ ಎಂಬ ಮತ್ತೊಂದು ಕೂಟವುಂಟು. ಆ ಹೆಸರಿನ ಒಂದು ಅರ್ಥ ಬಾವಿ ಎಂದೇ. ಅದರ ಒಡೆತನವನ್ನು ಹೊಂದಿದ್ದ ಕಂಪನಿಯು ಅದನ್ನು ಮಾರಬೇಕೆಂದಿದ್ದಾಗ, ಬಹುಕಾಲದಿಂದ ಅಲ್ಲಿ ಕೂಡುತ್ತಿದ್ದ ಕೆಲವರು ಹಣ ಕೂಡಿಸಿ 2012ರಲ್ಲಿ ತಾವೇ ಅದನ್ನು ಕೊಂಡುಕೊಂಡರು. ನೀರು ಕುಡಿದವರೇ ಬಾವಿಯನ್ನು ಉಳಿಸಿದರು.

ಆದರೂ ಕೆಲವು ಕೂಟಗಳನ್ನು ಮುಚ್ಚಲೇಬೇಕಾಗುವದು. ಜನರು ಬೇರೆ ಕಡೆಗೆ ಹೋಗಿ ಅಂಗಳವು ಬರಿದಾಗಬಹುದು; ಅಥವಾ ಕೂಟವು ಸುಳ್ಳಿಗೂ ಹಗೆಗೂ ಗೂಡಾಗಬಹುದು. ಆಗ ಮುಚ್ಚುವದು ತಪ್ಪಲ್ಲ. ಮುಚ್ಚುವ ರೀತಿಯಲ್ಲಿ ಮಾತ್ರ ಮೇಲು ಕೀಳು ಉಂಟು. ನಮ್ಮ ದೇಶದವರು ಕಂಡ ಎರಡು ದೃಷ್ಟಾಂತಗಳನ್ನು ನೋಡಿರಿ. ಗೂಗಲ್ ಕಂಪನಿಯು 2004ರಲ್ಲಿ ಪ್ರಾರಂಭಿಸಿದ ಆರ್ಕುಟ್ ಎಂಬದರಲ್ಲಿ ಬ್ರೆಜಿಲ್ ದೇಶದವರೂ ಭಾರತದವರೂ ಬಹು ಮಂದಿ ಕೂಡಿದ್ದರು. ಕನ್ನಡ ಬಲ್ಲವರೂ ಅನೇಕರು ಅಲ್ಲಿ ಸ್ನೇಹಿತರನ್ನು ಕಂಡುಕೊಂಡಿದ್ದರು. ಅದನ್ನು ಮುಚ್ಚುವೆವೆಂದು 2014ರ ಜೂನ್ 30ರಂದು ತಿಳಿಸಿ, ಸಪ್ಟೆಂಬರ್ 30ರಂದು ಮುಚ್ಚಿದರು. ಅಲ್ಲಿದ್ದ ಚಿತ್ರಗಳನ್ನೂ ಬರಹಗಳನ್ನೂ ತೆಗೆದುಕೊಂಡು ಹೋಗುವದಕ್ಕೆ 2016ರ ವರೆಗೆ ಅವಕಾಶ ಕೊಟ್ಟರು. ದುಃಖವಾಯಿತು, ಆದರೂ ಗಂಟು ಕಟ್ಟಿಕೊಳ್ಳುವದಕ್ಕೆ ಸಮಯವಿತ್ತು.

ಯಾಹೂ ಗ್ರೂಪ್ಸ್ ಎಂಬದರಲ್ಲಾದರೋ ಸುಮಾರು 20 ವರುಷಗಳ ಪತ್ರಗಳೂ ಚಿತ್ರಗಳೂ ಕಡತಗಳೂ ಕೂಡಿದ್ದವು. 2019ರ ಅಕ್ಟೋಬರ್ 16ರಂದು ಹೊರಟ ಪ್ರಕಟನೆಯ ಪ್ರಕಾರ, 12 ದಿನಗಳ ತರುವಾಯ ಹೊಸದೇನನ್ನೂ ಅಲ್ಲಿ ಇಡಕೂಡದು. ಡಿಸೆಂಬರ್ 14ರಂದು ಇದ್ದದ್ದೆಲ್ಲವೂ ಅಳಿಸಲ್ಪಡುವದು. ಜನರು ಮೊರೆಯಿಟ್ಟ ಮೇಲೆ ಅವರವರ ವಸ್ತುಗಳನ್ನು ಕೇಳಿಕೊಳ್ಳುವ ಗಡುವನ್ನು 2020ರ ಜನವರಿ 31ರ ತನಕ ಮುಂದೂಡಿದರು. ಯಾವ ಸಂಬಂಧವೂ ಇಲ್ಲದ ಸ್ವಯಂಸೇವಕರು ಹಗಲಿರುಳು ಕೆಲಸಮಾಡಿ ಕೈಗೆ ಸಿಕ್ಕಿದಷ್ಟನ್ನು ನಕಲುಮಾಡಿಟ್ಟರು, ಬಹಳವು ಹೋಗಿಬಿಟ್ಟಿತು. 2020ರ ಡಿಸೆಂಬರ್ 15ರಂದು ಉಳಿದದ್ದೂ ನಿಂತುಹೋಯಿತು. ಸತ್ತುಹೋಗಿದ್ದ ಸದಸ್ಯರ ಬರಹಗಳನ್ನು ಕೇಳಿ ತೆಗೆದುಕೊಳ್ಳುವವರು ಯಾರು?

ಇವೆಲ್ಲವುಗಳಿಂದ ಮೇಲ್ವಿಚಾರಕನು ಮಾಡತಕ್ಕದ್ದು ಏನೆಂದು ತಿಳಿದುಬರುವದು. ಮೊದಲನೆಯದು, ಸಮಯ ಕೊಡುವದು; ಸಿಟ್ಟಿನ ರಾತ್ರಿಯಲ್ಲಿ ಯಾವ ಬಾಗಿಲನ್ನೂ ಮುಚ್ಚಕೂಡದು. ಎರಡನೆಯದು, ಕಾರಣವನ್ನು ನಿಜವಾಗಿ ಹೇಳುವದು. "ನನಗೆ ದಣಿವಾಗಿದೆ" ಎಂಬ ಮಾತಿನಲ್ಲಿ ಅವಮಾನವೇನೂ ಇಲ್ಲ. ಮೂರನೆಯದು, ಅವರವರು ತಂದಿಟ್ಟದ್ದನ್ನು ಅವರವರಿಗೆ ಒಪ್ಪಿಸುವದು, ಗುಟ್ಟಾಗಿ ಹೇಳಿದ್ದನ್ನು ಗುಟ್ಟಾಗಿಯೇ ಇಡುವದು. ನಾಲ್ಕನೆಯದು, ಮುಚ್ಚುವದಕ್ಕೆ ಮೊದಲು "ಇದನ್ನು ಯಾರಾದರೂ ನಡಿಸುತ್ತೀರೋ?" ಎಂದು ಕೇಳುವದು. ಕೇಳದೆ ಇದ್ದರೆ, ಒಪ್ಪುವವರು ಇದ್ದರೋ ಇಲ್ಲವೋ ಎಂಬದು ಎಂದಿಗೂ ತಿಳಿಯದು.

ಉಳಿದವರಿಗೂ ಕರ್ತವ್ಯವುಂಟು. ನಾಲ್ಕು ವರುಷ ಒಬ್ಬನೇ ಹೊರೆ ಹೊರುವದನ್ನು ನೋಡಿ ನೂರು ಮಂದಿ ಸುಮ್ಮನಿದ್ದರೆ, ಹೊರೆಯು ಬಿದ್ದ ದಿನ ಅವನೊಬ್ಬನನ್ನೇ ದೂರುವದು ಯಾವ ನ್ಯಾಯ? ಸದಸ್ಯನು ಕೂಟವನ್ನು ಬಿಡುವ ವಿಷಯದಲ್ಲಿಯೂ ಒಂದು ಮಾತು ಹೇಳಬೇಕು. 2022ರಿಂದ ವಾಟ್ಸಾಪಿನಲ್ಲಿ ಒಬ್ಬನು ಹೊರಟುಹೋದರೆ ಅದು ಮೇಲ್ವಿಚಾರಕರ ಹೊರತು ಬೇರೆಯವರಿಗೆ ಸಾರಲ್ಪಡುವದಿಲ್ಲ. ಇದು ಒಳ್ಳೇದೇ, ಹೋಗುವವನು ಬಾಗಿಲನ್ನು ಬಡಿದು ಹೋಗಬೇಕಾಗಿಲ್ಲ. ಆದರೆ ಯಾವನಾದರೂ ನಿನ್ನ ಮಾತನ್ನು ಆತುಕೊಂಡು ನಿಂತಿದ್ದರೆ, ಅವನಿಗಾದರೂ ತಿಳಿಸಿ ಹೋಗು. ಮೌನವಾಗಿ ಹೋಗುವದು ಸಭ್ಯತೆ. ಆತುಕೊಂಡವನನ್ನು ಬೀಳಿಸಿ ಹೋಗುವದು ಸಭ್ಯತೆಯಲ್ಲ.

ಆ ಗ್ರಾಮದ ಕಥೆಯ ಅಂತ್ಯವನ್ನು ಹೇಳಿ ಮುಗಿಸುವೆವು. ಆ ಹೆಂಗಸಿನ ಸಂಗತಿಯು ಎಂಟು ದಿನಗಳ ತರುವಾಯ ಆ ಯೌವನಸ್ಥನ ಕಿವಿಗೆ ಬಿತ್ತು. ಅವನು ಬಹಳ ಹೊತ್ತು ಮಾತಾಡಲಿಲ್ಲ. ತಿರಿಗಿ ಮೇಲ್ವಿಚಾರಕನಾಗುವದಕ್ಕೆ ಅವನು ಒಪ್ಪಲಿಲ್ಲ; ಯಾರೂ ಅವನನ್ನು ಬಲವಂತಪಡಿಸಲಿಲ್ಲ. ಆದರೆ ಸದಸ್ಯರ ಪಟ್ಟಿಯನ್ನು ತಾನೇ ಬರೆದು, ಮೂವರನ್ನು ಕರೆದು ಅವರ ಕೈಗೆ ಕೊಟ್ಟನು. ಈಗ ಹೊಸ ಕೂಟವನ್ನು ಆ ಮೂವರು ತಿಂಗಳಿಗೊಬ್ಬರಂತೆ ನೋಡುತ್ತಾರೆ. ಅವನು ಅದರಲ್ಲಿ ಬರೇ ಸದಸ್ಯನು. ಪೇಟೆಗೆ ಹೋಗುವ ದಿನ, ಎಷ್ಟು ಹೊತ್ತಿಗೆ ಹೊರಡುವೆನೆಂದು ಹಿಂದಿನ ಸಾಯಂಕಾಲವೇ ಬರೆಯುತ್ತಾನೆ. ಬೆಳಿಗ್ಗೆ ಊರ ಅಂಚಿನಲ್ಲಿ ಗಾಡಿಯನ್ನು ನಿಲ್ಲಿಸುತ್ತಾನೆ.

ಪ್ರಿಯ ವಾಚಕರೇ, ನಮ್ಮಲ್ಲಿ ಅನೇಕರ ಕೈಯಲ್ಲಿ ಒಂದಲ್ಲ ಒಂದು ಬಾಗಿಲಿನ ಬೀಗದ ಕೈ ಉಂಟು. ಅದನ್ನು ತಿರುಗಿಸುವದಕ್ಕೆ ಮುಂಚೆ, ಒಳಗೆ ಮೂಲೆಯಲ್ಲಿ ಮಾತಾಡದೆ ಕೂತವರು ಯಾರೆಂದು ಒಮ್ಮೆ ದೀಪ ಹಿಡಿದು ನೋಡೋಣ.