ಹದಿಮೂರರ ಸ್ಪ್ಯಾನರ್

12.7 ಮಿಲಿಮೀಟರಿನ ನಟ್ಟಿಗೆ 13ರ ಸ್ಪ್ಯಾನರ್ ಹಾಕುವುದು ತಪ್ಪೇ? ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ‘ಕೂರುತ್ತಲ್ಲ, ಸಾಕು’ ಅನ್ನುತ್ತಾರೆ. ತತ್ವಶಾಸ್ತ್ರದ ಸೆಮಿನಾರಿನಲ್ಲಿ ಕೇಳಿದರೆ, ನಟ್ಟಿಗೆ ನೋವಾಗುವುದಿಲ್ಲವಾದ್ದರಿಂದ ಇದು ನೀತಿಯ ಪ್ರಶ್ನೆಯೇ ಅಲ್ಲ ಎಂದು ಬದಿಗಿಡುತ್ತಾರೆ. ಎರಡು ಕಡೆಯೂ ಸ್ವಲ್ಪ ಅವಸರ ಮಾಡುತ್ತಿದ್ದಾರೆ ಎಂದು ನನಗನ್ನಿಸುತ್ತದೆ.

ಗಿಟಾರಿನ ಪರಿಚಯ ಇಲ್ಲದವರಿಗಾಗಿ ಒಂದಿಷ್ಟು ವಿವರ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಕೇಬಲ್ ಚುಚ್ಚುವ ಜಾಗಕ್ಕೆ ಜ್ಯಾಕ್ ಅನ್ನುತ್ತಾರೆ. ಅದನ್ನು ಹಿಡಿದಿಟ್ಟಿರುವುದು ಹೊರಗಡೆಯ ಒಂದು ತೆಳ್ಳನೆಯ ಆರು ಮೂಲೆಯ ನಟ್ಟು. ಕೇಬಲ್ ಹಾಕಿ ತೆಗೆದು ಮಾಡುತ್ತಿದ್ದರೆ ನಟ್ಟು ಸಡಿಲವಾಗುತ್ತದೆ, ಜ್ಯಾಕು ತೂತಿನೊಳಗೇ ತಿರುಗತೊಡಗುತ್ತದೆ. ಅದರ ಹಿಂದೆ ಬೆಸುಗೆ ಹಾಕಿದ ವಯರುಗಳಿವೆ. ಜ್ಯಾಕು ತಿರುಗಿದರೆ ಅವೂ ಹುರಿಯಾಗುತ್ತವೆ, ಒಂದು ದಿನ ಬೆಸುಗೆ ಬಿಡುತ್ತದೆ, ಸದ್ದು ನಿಲ್ಲುತ್ತದೆ. ಎಲೆಕ್ಟ್ರಿಕ್ ಗಿಟಾರಿಗೆ ಬರುವ ಅತಿ ಸಾಮಾನ್ಯ ಕಾಯಿಲೆಗಳಲ್ಲಿ ಇದೂ ಒಂದು. ನಟ್ಟನ್ನು ಕಾಲಕಾಲಕ್ಕೆ ಬಿಗಿ ಮಾಡುವುದೇ ಮದ್ದು. ಬಿಗಿ ಮಾಡುವಾಗ ಒಳಗಿನ ಜ್ಯಾಕು ಜತೆಗೇ ತಿರುಗದಂತೆ ಹಿಡಿದುಕೊಳ್ಳಬೇಕು. ಇಲ್ಲದಿದ್ದರೆ ರಿಪೇರಿಯೇ ವಯರನ್ನು ಕೀಳುತ್ತದೆ.

ಯಾವುದರಿಂದ ಬಿಗಿ ಮಾಡುವುದು ಅನ್ನುವಲ್ಲಿ ತೊಡಕು. ಅಮೆರಿಕದ ಮಾದರಿಯ ಜ್ಯಾಕಿನ ನಟ್ಟು ಅರ್ಧ ಇಂಚಿನದು. ಇಂಚು ಎಂದರೆ ಕರಾರುವಾಕ್ಕಾಗಿ 25.4 ಮಿಲಿಮೀಟರ್ ಎಂದು 1959ರಲ್ಲಿ ಅಮೆರಿಕ, ಬ್ರಿಟನ್ ಮೊದಲಾದ ದೇಶಗಳು ಒಪ್ಪಿಕೊಂಡವು. ಅಂದರೆ ನಟ್ಟು 12.7. ನಮ್ಮ ಕಡೆ ಬೈಕಿನ ಟೂಲ್ ಕಿಟ್ಟಿನಲ್ಲಿ, ಹಾಸ್ಟೆಲಿನ ಪ್ಲಂಬರನ ಚೀಲದಲ್ಲಿ ಇರುವುದು 12-13ರ ಜೋಡಿಬಾಯಿ ಸ್ಪ್ಯಾನರ್. 12 ಹತ್ತುವುದಿಲ್ಲ, 13 ಹತ್ತುತ್ತದೆ. 0.3 ಮಿಲಿಮೀಟರಿನ ಸಂದು ಉಳಿಯುತ್ತದೆ. ಆ ಸಂದಿನಲ್ಲಿ ಸ್ಪ್ಯಾನರು ತುಸು ವಾಲಿ, ನಟ್ಟಿನ ಮಟ್ಟಸ ಮುಖವನ್ನು ಒತ್ತುವ ಬದಲು ಮೂಲೆಗಳನ್ನು ಒತ್ತುತ್ತದೆ. ಸ್ಪ್ಯಾನರೂ ಸಿಗದವರು ಇಕ್ಕಳ ಹಿಡಿಯುತ್ತಾರೆ. ಇಕ್ಕಳಕ್ಕೆ ಅಳತೆಯೇ ಬೇಕಿಲ್ಲ, ಅದು ಯಾವ ನಟ್ಟಿಗೂ ‘ಆಗುತ್ತದೆ’. ಸರಿಯಾದ ಅರ್ಧ ಇಂಚಿನ ಬಾಕ್ಸ್ ಸ್ಪ್ಯಾನರ್ ತಂದರೂ ಅದರ ಬಾಯಂಚನ್ನು ಒಳಕ್ಕೆ ಇಳಿಜಾರಾಗಿ ಕೊರೆದಿರುತ್ತಾರೆ. ತೆಳು ನಟ್ಟಿನ ಮೇಲೆ ಅದಕ್ಕೆ ಪೂರ್ತಿ ಹಿಡಿತ ಸಿಗದು. ಅದಕ್ಕೇ ಗಿಟಾರ್ ರಿಪೇರಿಯವರು ಬಾಯಂಚನ್ನು ಉಜ್ಜಿ ಮಟ್ಟ ಮಾಡಿಟ್ಟುಕೊಳ್ಳುವುದುಂಟು.

ಹಾಗೆಂದು ‘ಸುಮಾರಾಗಿ ಕೂರುವುದು’ ಯಾವಾಗಲೂ ಕೆಟ್ಟದ್ದಲ್ಲ. ಗಿಬ್ಸನ್ ಗಿಟಾರಿನ ಕತ್ತಿನೊಳಗಿರುವ ಟ್ರಸ್ ರಾಡಿನ ನಟ್ಟು 5/16 ಇಂಚಿನದು, ಅಂದರೆ 7.94 ಮಿಲಿಮೀಟರ್. ನಮ್ಮ 8ರ ಬಾಕ್ಸ್ ಸ್ಪ್ಯಾನರ್ ಅದರ ಮೇಲೆ ಅಳೆದು ಮಾಡಿಸಿದ ಹಾಗೆ ಕೂರುತ್ತದೆ. ಫೆಂಡರಿನ ಹಲವು ಮಾದರಿಗಳಲ್ಲಿ ಇದೇ ಕೆಲಸಕ್ಕೆ 1/8 ಇಂಚಿನ ಎಲ್-ಕೀ ಬೇಕು, ಅಂದರೆ 3.175. ಅದಕ್ಕೆ 3ರ ಕೀ ಹಾಕಿದರೆ ಸಂದು 0.175 ಮಾತ್ರ, ಜ್ಯಾಕಿನ ಸಂದಿಗಿಂತ ಕಡಿಮೆ. ಆದರೆ ತೂತೂ ಸಣ್ಣದಾದ್ದರಿಂದ ಅಪಾಯ ಹೆಚ್ಚು. ಆರು ತಂತಿಗಳು ಸೇರಿ ಸುಮಾರು 45 ಕೆಜಿ ಭಾರದಷ್ಟು ಎಳೆಯುತ್ತಿರುವ ಕತ್ತಿನಲ್ಲಿ ಆ ತೂತು ಉರುಟಾಗಿಬಿಟ್ಟರೆ ರಿಪೇರಿ ಸುಲಭವಲ್ಲ. ಜ್ಯಾಕಿನ ನಟ್ಟು ಹೋದರೆ ಹೊಸದು ಹಾಕಬಹುದು. ‘ಸುಮಾರು’ ಎಂಬ ಒಂದೇ ಮಾತಿನೊಳಗೆ ಇಷ್ಟು ಬೇರೆ ಬೇರೆ ಸಂಗತಿಗಳಿವೆ. ನೀತಿಶಾಸ್ತ್ರದವರು ‘ಸಣ್ಣ ತಪ್ಪು’ ಎಂಬ ಮಾತನ್ನು ಇದಕ್ಕಿಂತ ಧಾರಾಳವಾಗಿ ಬಳಸುತ್ತೇವೆ.

ಇನ್ನು ನಾನು ಹೇಳಬೇಕೆಂದಿರುವ ಗಿಟಾರು. ಅದು ಯಾರದ್ದೂ ಅಲ್ಲ. ಹಾಸ್ಟೆಲಿನಲ್ಲಿ ಯಾರೋ ಸೆಕೆಂಡ್ ಹ್ಯಾಂಡ್ ಕೊಂಡು, ಹೋಗುವಾಗ ಬಿಟ್ಟುಹೋದದ್ದು. ಆಮೇಲೆ ಓದು ಮುಗಿಸಿದವರು ಬರುವವರಿಗೆ ಕೊಟ್ಟು ಹೋಗುವುದು ರೂಢಿಯಾಯಿತು. ಅದರ ಜ್ಯಾಕು ಪ್ಲಾಸ್ಟಿಕ್ಕಿನ ಪಟ್ಟಿಯೊಂದರ ಮೇಲಿತ್ತು. ಒಬ್ಬೊಬ್ಬರೂ ವರ್ಷಕ್ಕೊಂದೆರಡು ಸಲ, ಯಾವುದು ಸಿಕ್ಕಿತೋ ಅದರಿಂದ, ನಟ್ಟನ್ನು ಬಿಗಿ ಮಾಡಿದ್ದಾರೆ. ಕಳೆದ ವರ್ಷ ಎಂ.ಎ. ಮೊದಲ ವರ್ಷದ ಹುಡುಗನೊಬ್ಬ ಕಾರ್ಯಕ್ರಮದ ಹಿಂದಿನ ಸಂಜೆ ಅದೇ ಕೆಲಸ ಮಾಡಲು ಹೋದ. ಅಷ್ಟರಲ್ಲಿ ನಟ್ಟಿನ ಮೂಲೆಗಳೆಲ್ಲ ಹೋಗಿ ಅದು ಹೆಚ್ಚುಕಡಿಮೆ ಉಂಗುರದಂತಾಗಿತ್ತು. ಇಕ್ಕಳವನ್ನು ಬಲವಾಗಿ ಅಮುಕಿ ತಿರುಗಿಸಿದ, ಇಕ್ಕಳ ಜಾರಿತು, ಪಟ್ಟಿ ಒಡೆಯಿತು, ಜ್ಯಾಕು ವಯರು ಕಿತ್ತುಕೊಂಡು ಒಳಗೆ ಬಿತ್ತು. ಪಟ್ಟಿ, ಜ್ಯಾಕು, ವಯರಿಂಗು, ಕೂಲಿ ಸೇರಿ 1,800 ರೂಪಾಯಿ. ಹಾಸ್ಟೆಲಿನ ಗೆಳೆಯರ ಸಭೆಯಲ್ಲಿ ‘ಯಾರ ಕೈಯಲ್ಲಿ ಮುರಿಯಿತೋ ಅವರು ಕೊಡಬೇಕು’ ಎಂದಾಯಿತು. ಅವನಿಗೆ ಮನೆಯಿಂದ ತಿಂಗಳಿಗೆ ಬರುತ್ತಿದ್ದುದು 3,000. ಏನೂ ಅನ್ನದೆ ಕೊಟ್ಟ. ಗಿಟಾರು ನನ್ನ ಕೋಣೆಗೆ ಬಂದದ್ದು ಆಮೇಲೆ.

ಉಪ್ಪು ತಿಂದವನು ನೀರು ಕುಡಿಯಬೇಕು ಅನ್ನುತ್ತೇವೆ. ಇಲ್ಲಿ ಹತ್ತು ಜನ ಒಂದೊಂದು ಹರಳು ತಿಂದಿದ್ದಾರೆ, ನೀರು ಕುಡಿದವನು ಹನ್ನೊಂದನೆಯವನು.

ಡೆರೆಕ್ ಪಾರ್ಫಿಟ್ 1984ರ ‘ರೀಸನ್ಸ್ ಅಂಡ್ ಪರ್ಸನ್ಸ್’ ಪುಸ್ತಕದಲ್ಲಿ ಇಂಥದ್ದೇ ಒಂದು ಒಗಟು ಕಟ್ಟುತ್ತಾನೆ. ಸಾವಿರ ಜನ ಚಿತ್ರಹಿಂಸೆ ಕೊಡುವವರು, ಸಾವಿರ ಜನ ಬಲಿಪಶುಗಳು. ಒಬ್ಬೊಬ್ಬ ಹಿಂಸಕನೂ ಒಂದು ಗುಂಡಿ ಒತ್ತಿ ಎಲ್ಲ ಬಲಿಪಶುಗಳ ನೋವನ್ನೂ ಗೊತ್ತೇ ಆಗದಷ್ಟು ಏರಿಸುತ್ತಾನೆ. ಸಾವಿರ ಗುಂಡಿಗಳೂ ಒತ್ತಿದ ಮೇಲೆ ಆಗುವುದು ಘೋರ ನೋವು. ಆದರೆ ನನ್ನಿಂದ ಯಾರಿಗೂ ಗೊತ್ತಾಗುವಷ್ಟು ನೋವಾಗಿಲ್ಲ ಎಂದು ಪ್ರತಿಯೊಬ್ಬನೂ ಹೇಳಬಲ್ಲ. ಪಾರ್ಫಿಟ್‌ನ ಉತ್ತರ: ಒಂದು ಕೃತ್ಯದ ಪರಿಣಾಮ ಕಾಣದಷ್ಟು ಸಣ್ಣದಾದರೂ, ಎಲ್ಲ ಸೇರಿ ಹಾನಿ ಮಾಡುವ ಕೃತ್ಯಗಳ ಗುಂಪಿನಲ್ಲಿ ಅದೂ ಒಂದಾಗಿದ್ದರೆ ಅದು ತಪ್ಪಾಗಬಹುದು.

ಉತ್ತರ ನನಗೆ ಒಪ್ಪಿಗೆ. ಆದರೆ ನಟ್ಟಿನ ವಿಷಯಕ್ಕೆ ಅದು ನೇರವಾಗಿ ಕೂರುವುದಿಲ್ಲ. ಅಲ್ಲೂ ಒಂದು ಸಂದಿದೆ. ತಾವು ಸಾವಿರ ಜನ ಇದ್ದೇವೆಂದು ಪಾರ್ಫಿಟ್‌ನ ಹಿಂಸಕರಿಗೆ ಗೊತ್ತು, ಗುಂಪಿನಲ್ಲಿ ಗೋವಿಂದ ಎಂದು ಗುಂಡಿ ಒತ್ತುತ್ತಾರೆ. ಗಿಟಾರಿನವರು ವರ್ಷವರ್ಷಗಳ ಅಂತರದಲ್ಲಿ, ಒಬ್ಬರನ್ನೊಬ್ಬರು ನೋಡದೆ, ತಾನೊಬ್ಬನೇ ಎಂಬಂತೆ ಬಿಗಿ ಮಾಡಿದ್ದಾರೆ. ಮೇಲಾಗಿ ಅವರ ಉದ್ದೇಶ ಒಳ್ಳೆಯದು, ಗಿಟಾರನ್ನು ನೋಡಿಕೊಳ್ಳುತ್ತಿದ್ದರು. ಹಾಳಾದದ್ದು ಆರೈಕೆಯಿಂದಲೇ. ಹಿಂಸಕನಿಗೆ ‘ನಿಲ್ಲಿಸು’ ಅನ್ನಬಹುದು. ಇವರಿಗೆ ಹಾಗನ್ನುವಂತಿಲ್ಲ, ನಿಲ್ಲಿಸಿದರೆ ವಯರು ಇನ್ನೂ ಬೇಗ ಕೀಳುತ್ತದೆ.

ಹಾಗಾದರೆ ಏನನ್ನಬೇಕು? ಗೊತ್ತಿಲ್ಲದವರದ್ದು ತಪ್ಪಲ್ಲ ಎಂದು ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಜಾರುವ ಸ್ಪ್ಯಾನರಿನ ಸುದ್ದಿ ಮೊದಲು ಮುಟ್ಟುವುದು ಅಂಗೈಗೇ. ಲೋಹ ತುಸು ಸರಿದು ಮೂಲೆಗೆ ಸಿಕ್ಕಿದ ಆ ಕ್ಷಣ ಎಂಥವರಿಗೂ ತಿಳಿಯುತ್ತದೆ. ಆಗಲೂ ತಿರುಗಿಸಿದರೆ, ಇದನ್ನು ಮುಂದೆ ಬಿಚ್ಚಬೇಕಾದವರ ಬಗ್ಗೆ ಏನೋ ಒಂದು ತೀರ್ಮಾನ ಮಾಡಿದಂತೆಯೇ. (ಆಯುಧಪೂಜೆಗೆ ಸ್ಪ್ಯಾನರಿಗೂ ಇಕ್ಕಳಕ್ಕೂ ಕುಂಕುಮ ಇಡುತ್ತೇವೆ, ನಟ್ಟಿಗೆ ಇಟ್ಟವರನ್ನು ನಾನು ಕಂಡಿಲ್ಲ.) ನಟ್ಟಿಗೆ ನೋವಿಲ್ಲ, ನಿಜ. ಆದರೆ ಬೆಸುಗೆ ಹಾಕಿಬಿಡದೆ ನಟ್ಟು ಹಾಕಿದ್ದಾರೆ ಎಂದರೆ, ಇದನ್ನು ಮತ್ತೆ ಬಿಚ್ಚಬಹುದು ಎಂದು ಯಾರೋ ಯಾರಿಗೋ ಕೊಟ್ಟ ಮಾತು ಅದು. ಮೂಲೆ ಸವೆದಷ್ಟೂ ಆ ಮಾತು ಸವೆಯುತ್ತದೆ.

ಸರಿಯಾದ ಸಲಕರಣೆ ಎಲ್ಲರಿಗೂ ಎಟುಕುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಅರ್ಧ ಇಂಚಿನ ಬಾಕ್ಸ್ ಸ್ಪ್ಯಾನರಿಗಾಗಿ ನಾನೇ ಮೂರು ಅಂಗಡಿ ಅಲೆದೆ. ವೇದಿಕೆ ಹತ್ತಲು ಹತ್ತು ನಿಮಿಷ ಇರುವಾಗ ಬಟ್ಟೆ ಸುತ್ತಿ ಇಕ್ಕಳ ಹಾಕಿದರೆ ಅದನ್ನು ತಪ್ಪೆನ್ನುವುದು ಹಟ. ಅಂಥ ಹೊತ್ತಿನಲ್ಲಿ ಉಳಿಯುವ ಹೊಣೆ ಬಾಯಿಮಾತಿನದು: ನಟ್ಟು ಸವೆದಿದೆ, ಬದಲಿಸಿಕೊಳ್ಳಿ ಎಂದು ಮುಂದಿನವರಿಗೆ ಹೇಳಿ ಹೋಗುವುದು.

ಇದನ್ನೇ ಬರೆದು, ಆ ಹುಡುಗ ಕೊಟ್ಟ ಹಣವನ್ನು ಹಂಚಿಕೊಳ್ಳೋಣವೇ ಎಂದು ಗಿಟಾರು ಇಟ್ಟುಕೊಂಡಿದ್ದ ಆರು ಜನ ಹಳಬರಿಗೆ ಕಳಿಸಿದೆ. ಮೂವರು ತಲಾ 300 ಹಾಕಿದರು. ಇಬ್ಬರು ಉತ್ತರಿಸಲಿಲ್ಲ. ಒಬ್ಬರು ಫೋನ್ ಮಾಡಿ, ‘ನಾನು ಯಾವಾಗಲೂ ಸರಿಯಾದ ಬಾಕ್ಸ್ ಸ್ಪ್ಯಾನರನ್ನೇ ಹಾಕಿದ್ದು ಕಣಯ್ಯ, ಇಕ್ಕಳ ಹಾಕಿದೋರನ್ನ ಕೇಳು’ ಅಂದರು. ಪಾರ್ಫಿಟ್‌ನ ಲೆಕ್ಕದಲ್ಲಿ ಅವರು ಆ ಗುಂಪಿಗೆ ಸೇರಿದವರೇ ಅಲ್ಲ, ದುಡ್ಡು ಕೊಡಬೇಕಿಲ್ಲ. ಮಾತು ಮುಂದುವರಿದು, ‘ನನ್ನ ಕಾಲಕ್ಕೇ ಎರಡು ಮೂಲೆ ಹೋಗಿತ್ತಲ್ಲ’ ಎಂದೂ ಹೇಳಿದರು. ಸ್ಪ್ಯಾನರು ಅವರ ಸ್ವಂತದ್ದು, ಹೋಗುವಾಗ ತೆಗೆದುಕೊಂಡು ಹೋಗಿದ್ದರು. ಅದೂ ಸರಿಯೇ. ಹಣದ ಋಣ ಅವರಿಗಿಲ್ಲ, ಒಂದು ಮಾತಿನ ಋಣ ಇತ್ತು ಎಂದು ನಾನು ತೀರ್ಮಾನಿಸಿಕೊಂಡೆ.

900 ರೂಪಾಯಿ ಕೊಡಲು ಹೋದಾಗ ಆ ಹುಡುಗನಿಗೆ ಈ ತೀರ್ಮಾನವನ್ನೂ ಹೇಳಿದೆ. ದುಡ್ಡು ಇಟ್ಟುಕೊಂಡ. ಸ್ವಲ್ಪ ಹೊತ್ತು ಬಿಟ್ಟು, ‘ಅವರು ಹೇಳಿದ್ರೂ ನಾನು ಇಕ್ಕಳಾನೇ ಹಾಕ್ತಿದ್ದೆ ಅಣ್ಣ’ ಅಂದ. ‘ಹಾಸ್ಟೆಲಲ್ಲಿ ಬೇರೆ ಏನಿತ್ತು?’